ಸೈಕಾಲಜಿ ಓದಿದ ಬೇಬಿಸಿಟರ್: ಹೆಚ್ಚು ಕೊಟ್ಟದ್ದು ಎಲ್ಲಿ ವಸೂಲಾಗುತ್ತದೆ, ಎಲ್ಲಿ ಇಲ್ಲ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮಗು ನೋಡಿಕೊಳ್ಳಲು ಜನ ಹುಡುಕುವವರಿಗೆ ಈಗ ಮೂರು ದಾರಿಗಳಿವೆ. ಏಜೆನ್ಸಿಯಿಂದ ಬರುವ ಹೋಂ ನರ್ಸ್ ಅಥವಾ ಆಯಾ ಒಂದು, ಹತ್ತಿರದ ಡೇ ಕೇರ್ ಇನ್ನೊಂದು. ಮೂರನೆಯದು, ಮನಃಶಾಸ್ತ್ರ ಓದುತ್ತಿರುವ ಅಥವಾ ಓದಿ ಮುಗಿಸಿದ ಹುಡುಗಿಯರು (ಅಪರೂಪಕ್ಕೆ ಹುಡುಗರು) ಗಂಟೆ ಲೆಕ್ಕದಲ್ಲಿ ಮನೆಗೆ ಬರುವುದು. ಅಲೋಶಿಯಸ್, ರೋಶನಿ ನಿಲಯ, ಮಾಹೆಯಂಥ ಸಂಸ್ಥೆಗಳಲ್ಲಿ ಈ ವಿಷಯ ಕಲಿಸುವುದರಿಂದ ಇಲ್ಲಿ ಅಂಥವರಿಗೆ ಬರವಿಲ್ಲ. ಆಯಾಗಿಂತ ಹೆಚ್ಚು ಕೇಳುತ್ತಾರೆ, ಕೇಳಲಿ. ಆ ಹೆಚ್ಚಿನ ದುಡ್ಡಿಗೆ ಮಗುವಿಗೆ ಸಿಗುವುದೇನು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದೂವರೆಯಿಂದ ಆರು ವರ್ಷದ ಮಗುವಿಗೆ, ಅದರಲ್ಲೂ ಅಮ್ಮ ಹೊರಟರೆ ರಚ್ಚೆ ಹಿಡಿಯುವ, ಹಠ ಮಾಡುವ, ಹೆದರುವ ಮಗುವಿಗೆ ಈ ಸೇವೆ ಒಳ್ಳೆಯದು. ವರ್ಷ ತುಂಬದ ಕೂಸಿಗೆ ಬೇಡ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ, ಬಿಸಿನೀರು ಹೊಯ್ದು, ತೇಗು ತರಿಸಿ ಮಲಗಿಸುವ ಕೈ ಬೇಕಾದಲ್ಲಿ ಅನುಭವಿ ಆಯಾ ಮುಂದೆ ಎಂಎ ಪದವಿ ಏನೂ ಅಲ್ಲ.

ಪದವಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಬಿಎ, ಬಿಎಸ್ಸಿ ಮಟ್ಟದಲ್ಲಿ ಪಿಯಾಜೆ, ಬೌಲ್ಬಿ, ಸ್ಕಿನ್ನರ್ ಮುಂತಾದ ಮನಃಶಾಸ್ತ್ರಜ್ಞರ ಹೆಸರುಗಳು, ಮಗುವಿನ ಬೆಳವಣಿಗೆಯ ಬಗ್ಗೆ ಒಂದಿಷ್ಟು ಪಾಠ, ಒಂದು ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ, ಇಷ್ಟು ಆಗಿರುತ್ತದೆ. ಎಂಎ, ಎಂಎಸ್ಸಿ ಆದವರು ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಇಂಟರ್ನ್‌ಶಿಪ್ ಮಾಡಿರಬಹುದು. ಇವೆರಡರಲ್ಲಿ ಯಾವುದೂ ಚಿಕಿತ್ಸೆ ಕೊಡುವ ಪರವಾನಗಿ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಹಾಗೆ ನೋಂದಾಯಿತರಾದವರು ಡೈಪರ್ ಬದಲಿಸಲು ನಿಮ್ಮ ಮನೆಗೆ ಬರುವುದಿಲ್ಲ ಬಿಡಿ. ಆದ್ದರಿಂದ ‘ಮಗುವಿಗೆ ಥೆರಪಿಯೂ ಮಾಡುತ್ತೇನೆ’ ಎಂದು ಸೇರಿಸಿ ದರ ಏರಿಸುವವರನ್ನು ಅಲ್ಲೇ ಬಿಡಿ.

ಬಿಟ್ಟು ಹೊರಡುವ ಹೊತ್ತು

ಓದು ಕೆಲಸಕ್ಕೆ ಬರುವ ಮೊದಲ ಜಾಗ ಇದು. ಅಮ್ಮ ಕಣ್ಣಿಗೆ ಕಾಣದಿದ್ದರೆ ಅಳುವುದು ಸುಮಾರು ಎಂಟನೇ ತಿಂಗಳಿಗೆ ಶುರುವಾಗಿ ಹತ್ತರಿಂದ ಹದಿನೆಂಟು ತಿಂಗಳಲ್ಲಿ ಜೋರಾಗುತ್ತದೆ. ಕಾಣದ ವಸ್ತುವೂ ಎಲ್ಲೋ ಇದೆ ಎಂದು ಮಗುವಿಗೆ ಗೊತ್ತಾಗುವ ವಯಸ್ಸೂ ಅದೇ: ಅಮ್ಮ ಇದ್ದಾರೆ, ಇಲ್ಲಿ ಮಾತ್ರ ಇಲ್ಲ. ಯಾವಾಗ ಬರುತ್ತಾರೆ ಎಂಬ ಲೆಕ್ಕ ಇನ್ನೂ ಬಂದಿರುವುದಿಲ್ಲ. ಇದನ್ನು ಅರಿತವರು ಬಂದ ಕೂಡಲೇ ‘ಬಾ ಪುಟ್ಟಾ’ ಎಂದು ಕೈ ಚಾಚುವುದಿಲ್ಲ. ನೆಲದಲ್ಲಿ ಕೂತು, ಮಗುವಿನ ಕಡೆ ಹೆಚ್ಚು ನೋಡದೆ, ತಾವೇ ಏನೋ ಜೋಡಿಸುತ್ತಾರೆ. ಮಗು ತಾನಾಗಿ ಹತ್ತಿರ ಬರಲು ಹತ್ತು ನಿಮಿಷ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಮೊದಲ ವಾರ ಅಮ್ಮ ಮನೆಯಲ್ಲಿರುವಾಗಲೇ ದಿನಾ ಅರ್ಧ ಗಂಟೆ ಸಿಟರ್ ಬಂದಿರಬೇಕು. ಆ ಅರ್ಧ ಗಂಟೆಗೂ ದುಡ್ಡು ಕೊಡಬೇಕು. ‘ಅದು ಪರಿಚಯಕ್ಕೆ ಮಾತ್ರ’ ಎಂದು ಮನೆಯವರು ಚೌಕಾಸಿ ಮಾಡುವುದು ಇಲ್ಲೇ, ಕೆಡುವುದೂ ಇಲ್ಲೇ.

ಮಗು ಆಟದಲ್ಲಿ ಮುಳುಗಿದಾಗ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುವ ರೂಢಿ ನಮ್ಮಲ್ಲಿ ಹೆಚ್ಚು. ಆ ದಿನಕ್ಕೆ ಅಳು ತಪ್ಪಿತು ಅನ್ನಿಸುತ್ತದೆ. ಮರುದಿನದಿಂದ ಮಗು ಆಟ ಆಡುವುದನ್ನೇ ಬಿಟ್ಟು ಅಮ್ಮನನ್ನು ಕಾಯಲು ಕೂರುತ್ತದೆ. ಒಳ್ಳೆಯ ಸಿಟರ್ ಇದಕ್ಕೆ ಒಪ್ಪುವುದಿಲ್ಲ. ಹೇಳಿಯೇ ಹೊರಡಬೇಕು, ಚುಟುಕಾಗಿ, ದಿನವೂ ಅದೇ ಮಾತು, ಅದೇ ಕ್ರಮ: ಚಪ್ಪಲಿ, ಮುತ್ತು, ಗೇಟಿನ ಚಿಲಕ. ‘ಐದು ಗಂಟೆಗೆ ಬರುತ್ತೇನೆ’ ಎಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಮಲಗಿ ಎದ್ದು, ದೋಸೆ ತಿಂದ ಮೇಲೆ’ ಎಂದರೆ ತಿಳಿಯುತ್ತದೆ. ಗೇಟಿನವರೆಗೆ ಹೋಗಿ, ಅಳು ಕೇಳಿ ಮತ್ತೆ ಒಳಗೆ ಬರಬಾರದು. ಅಮ್ಮ ಹೋದ ಮೇಲೆ ಅಳು ಎಷ್ಟು ನಿಮಿಷ ಇತ್ತು ಎಂದು ಸಿಟರ್ ಬರೆದಿಡಲಿ. ದಿನದಿಂದ ದಿನಕ್ಕೆ ಅದು ಇಳಿಯುತ್ತಿದ್ದರೆ ಕೆಲಸ ಸರಿಯಾಗಿದೆ. ಎರಡು ವಾರವಾದರೂ ಇಳಿಯದಿದ್ದರೆ ಸಿಟರ್‌ಗೂ ಮಗುವಿಗೂ ಹೊಂದಿಕೆ ಆಗಿಲ್ಲ.

ಗಲ್ಫಿನಲ್ಲಿ ಅಪ್ಪ ಇರುವ ಮನೆಗಳಿಗೆ ಇನ್ನೊಂದು ಮಾತು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ, ಕತಾರ್, ಕುವೈತ್, ಸೌದಿಯದು ಎರಡೂವರೆ ಗಂಟೆ ಹಿಂದೆ. ಅವರು ಡ್ಯೂಟಿ ಮುಗಿಸಿ ಎಂಟಕ್ಕೆ ವಿಡಿಯೋ ಕಾಲ್ ಮಾಡಿದರೆ ಇಲ್ಲಿ ಒಂಬತ್ತೂವರೆ, ಹತ್ತೂವರೆ. ಆಗಷ್ಟೇ ಕಣ್ಣು ಮುಚ್ಚಿದ ಮಗುವನ್ನು ಎಬ್ಬಿಸಿ ಮುಖ ತೋರಿಸುತ್ತಾರೆ, ಮುಂದಿನ ಒಂದು ಗಂಟೆ ಹೈರಾಣ. ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಹಗಲಿನ ನಿದ್ದೆಯೂ ಸೇರಿ. ಬುದ್ಧಿವಂತ ಸಿಟರ್ ಆ ವಿಡಿಯೋ ಕಾಲ್ ಮಗುವಿನ ಊಟಕ್ಕೆ ಮೊದಲೇ ಬರುವಂತೆ ಹೇಳಿ ಮಾಡಿಸುತ್ತಾಳೆ. ಅಪ್ಪ ಬಿಡುವಿನಲ್ಲಿ ಐದು ನಿಮಿಷ ಮಾತಾಡಿದರೂ ಸಾಕು.

ಹಠ, ಮೊಬೈಲು, ಅಜ್ಜಿ

ಮೊಬೈಲಿಗಾಗಿ ಅಳುವ ಮಗು, ಇಪ್ಪತ್ತು ನಿಮಿಷ ತಡೆದು ಕೊನೆಗೆ ಕೊಡುವ ಮನೆಯವರು. ಇದರಿಂದ ಮಗು ಕಲಿಯುವುದು ಒಂದೇ: ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ. ಒಮ್ಮೆ ಕೊಟ್ಟು ಒಮ್ಮೆ ಕೊಡದೆ ಬೆಳೆಸಿದ ಅಭ್ಯಾಸ ದಿನಾ ಕೊಟ್ಟು ಬೆಳೆಸಿದ್ದಕ್ಕಿಂತ ಗಟ್ಟಿ, ಬಿಡಿಸುವುದು ಕಷ್ಟ. ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲಿ ತೋರಿಸಿದ್ದೂ ಇದನ್ನೇ. ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಅಳು ಕಡಿಮೆಯಾಗುವ ಬದಲು ಏರುತ್ತದೆ. ಓದಿದವರಿಗೆ ಇದು ಮೊದಲೇ ಗೊತ್ತಿರುವುದರಿಂದ ಗಾಬರಿಯಾಗುವುದಿಲ್ಲ. ಮನೆಯವರಿಗೂ ‘ಸೋಮವಾರ ಶುರು ಮಾಡಿದರೆ ಬುಧವಾರ ಜೋರಾಗಬಹುದು, ಆಗ ಕೊಟ್ಟರೆ ಮೊದಲಿಗಿಂತ ಕೆಡುತ್ತದೆ’ ಎಂದು ಮುಂಚೆಯೇ ಹೇಳಬೇಕು. ಹೇಳದೆ ಶುರು ಮಾಡುವವರು ಪಾಠ ಓದಿದ್ದಾರೆ, ಕೆಲಸ ಕಲಿತಿಲ್ಲ.

ಮನೆಯಲ್ಲಿ ಅಜ್ಜಿ ಒಪ್ಪದಿದ್ದರೆ ಇದಾವುದೂ ನಡೆಯದು. ಸಿಟರ್ ಅಡುಗೆಮನೆಗೆ ಹೋದಾಗ ಅಜ್ಜಿ ಸೆರಗಿನ ಮರೆಯಲ್ಲಿ ಫೋನು ಕೊಟ್ಟರೆ ಮೂರು ದಿನದ ಶ್ರಮ ಹೋಯಿತು. ಹಾಗೆಂದು ಇಪ್ಪತ್ತೆರಡರ ಹುಡುಗಿ ಎಪ್ಪತ್ತರ ಅಜ್ಜಿಗೆ ಸ್ಕಿನ್ನರ್ ಹೇಳಲು ಹೊರಟರೆ ಕೆಲಸವೇ ಹೋಗುತ್ತದೆ. ಆ ಮಾತು ಮಗುವಿನ ಅಪ್ಪ ಅಮ್ಮನ ಬಾಯಿಂದಲೇ ಬರಬೇಕು. ಅಜ್ಜಿಗೆ ಬೇರೆ ಅಧಿಕಾರ ಬಿಟ್ಟುಕೊಡುವುದು ಜಾಣತನ: ಕತೆ ಹೇಳುವುದು, ರಾಗಿ ಮಣ್ಣಿ ತಿನ್ನಿಸುವುದು ಅವರದೇ ಎಂದಿಟ್ಟರೆ ಮನೆ ತಣ್ಣಗಿರುತ್ತದೆ.

ಹಠಕ್ಕೆಲ್ಲ ಸುಮ್ಮನಿದ್ದುಬಿಡುವುದೇ ಮದ್ದು ಎಂದುಕೊಂಡ ಸಿಟರ್‌ಗಳೂ ಇದ್ದಾರೆ, ಅದು ಅಪಾಯ. ಮೊದಲು ನೋಡಬೇಕಾದ್ದು ಹಸಿವು, ನಿದ್ದೆ, ಒದ್ದೆ, ಸೆಕೆ, ನೋವು. ಏಪ್ರಿಲ್, ಮೇ ತಿಂಗಳ ಕರಾವಳಿಯಲ್ಲಿ ಕರೆಂಟು ಹೋದ ಮಧ್ಯಾಹ್ನ ಅಳುವ ಮಗುವಿಗೆ ಬೇಕಾದ್ದು ಬೀಸಣಿಗೆ, ಸಿದ್ಧಾಂತ ಅಲ್ಲ. ಹೆದರಿಕೆಯಿಂದ, ನೋವಿನಿಂದ ಅಳುವ ಮಗುವನ್ನು ಎತ್ತಿಕೊಳ್ಳಲೇಬೇಕು. ಬರೀ ಹಠವಾದರೆ ಮಾತು ಕಡಿಮೆ ಮಾಡಿ, ಪೆಟ್ಟಾಗದಂತೆ ಹತ್ತಿರ ಕೂತು, ಮುಗಿದ ಮೇಲೆ ನೀರು ಕೊಟ್ಟು ಬೇರೆ ಕೆಲಸಕ್ಕೆ ತಿರುಗಿಸಬೇಕು. ಓದಿದವರಲ್ಲಿ ಎದ್ದು ಕಾಣುವ ದೋಷ ಅತಿ ಮಾತು. ಎರಡು ವರ್ಷದ ಮಗು ನೆಲದಲ್ಲಿ ಹೊರಳುವಾಗ ‘ನಿನಗೆ ಈಗ ನಿರಾಸೆ ಆಗಿದೆ ಅಲ್ವಾ, ಯಾಕೆ ಆಗಿದೆ ಹೇಳು’ ಎಂದು ವಿಚಾರಣೆ ನಡೆಸಿದರೆ ಹತ್ತು ನಿಮಿಷದಲ್ಲಿ ಮುಗಿಯುವುದು ಅರ್ಧ ಗಂಟೆ ಎಳೆಯುತ್ತದೆ. ‘ಕೋಪ ಬಂತಾ, ಹೌದು’ ಎಂದರೆ ಸಾಕು.

ಹುಲಿವೇಷದ ಹೆದರಿಕೆ

ಈ ಊರಿನಲ್ಲಿ ಇಂಥ ಸಿಟರ್‌ನ ನಿಜವಾದ ಪರೀಕ್ಷೆ ಉಡುಪಿಯ ಅಷ್ಟಮಿಗೆ, ಮಂಗಳೂರಿನ ನವರಾತ್ರಿಗೆ. ಎರಡರಿಂದ ನಾಲ್ಕು ವರ್ಷದ ಬಹಳಷ್ಟು ಮಕ್ಕಳು ಹುಲಿವೇಷದವರ ಜೊತೆ ಬಾರಿಸುವ ತಾಸೆ ವಾದ್ಯದ ಸದ್ದು ದೂರದಿಂದ ಕೇಳಿದರೇ ಮಂಚದಡಿ ಸೇರುತ್ತವೆ. ದೊಡ್ಡವರು ಮಾಡುವುದೇನು? ಧೈರ್ಯ ಬರಲಿ ಎಂದು ಎತ್ತಿ ಹುಲಿಯ ತೊಡೆ ಮೇಲೆ ಕೂರಿಸಿ ಫೋಟೋ ತೆಗೆಯುವುದು. ಮುಂದಿನ ವರ್ಷ ಹೆದರಿಕೆ ಇಮ್ಮಡಿ.

ಹೆದರಿಕೆ ಬಿಡಿಸುವ ಕ್ರಮ ಹೊಸದೇನಲ್ಲ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲದ ಪಂಜರವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಹೆದರಿಕೆ ಬಿಡಿಸಿದ್ದನ್ನು ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದಾರೆ. ಸೈಕಾಲಜಿ ಓದಿದ ಯಾರಿಗೂ ಈ ಹೆಸರು ಗೊತ್ತಿರುತ್ತದೆ. ಅದನ್ನು ಹುಲಿವೇಷಕ್ಕೆ ಹೊಂದಿಸಲು ಬರುತ್ತದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಸರಿಯಾದ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ. ಹಬ್ಬಕ್ಕೆ ಮೂರು ನಾಲ್ಕು ವಾರ ಮೊದಲೇ ಶುರು. ಮೊದಲು ಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಚಮಚದಿಂದ ತಾಸೆಯ ಪೆಟ್ಟು, ಬಾರಿಸುವುದು ಮಗುವೇ, ನಿಲ್ಲಿಸುವುದೂ ಮಗುವೇ. ನಂತರ ಹಳದಿ ಕಪ್ಪು ಬಣ್ಣದಲ್ಲಿ ಕಾಗದದ ಮೇಲೆ ಪಟ್ಟೆ, ಆಮೇಲೆ ಸಿಟರ್‌ನ ಕೈ ಮೇಲೆ, ಆಮೇಲೆ ಮಗು ಒಪ್ಪಿದರೆ ಅದರ ಕೈ ಮೇಲೆ. ಮನುಷ್ಯನ ಮೇಲೆ ಬಣ್ಣ ಹಚ್ಚಿದ್ದು ಎಂಬುದು ಮಗುವಿಗೆ ಕಣ್ಣಾರೆ ಗೊತ್ತಾಗಬೇಕು, ಬಾಯಿಮಾತಿನ ಸಮಾಧಾನ ಸಾಲದು. ಎರಡು ವರ್ಷ ದಾಟಿದ ಮಗುವಾದರೆ ಸದ್ದಿಲ್ಲದ ವಿಡಿಯೋ ಒಂದೆರಡು ನಿಮಿಷ, ಆಮೇಲೆ ಸಣ್ಣ ಸದ್ದಿನಲ್ಲಿ. ಹಬ್ಬದ ದಿನ ಮಹಡಿಯ ಮೇಲಿಂದಲೋ ರಸ್ತೆಯಾಚೆಯಿಂದಲೋ ನೋಡುವುದು, ಇಷ್ಟದ ತಿಂಡಿ ಕೈಯಲ್ಲಿಟ್ಟುಕೊಂಡು.

ಪ್ರತಿ ಹೆಜ್ಜೆಯನ್ನೂ ಮಗು ಅಳುವ ಮೊದಲೇ, ಸಮಾಧಾನವಾಗಿರುವಾಗಲೇ ನಿಲ್ಲಿಸಬೇಕು. ಅತ್ತ ಮೇಲೆ ಎತ್ತಿಕೊಂಡು ಓಡಿದರೆ, ಓಡಿದ್ದರಿಂದಲೇ ಬದುಕಿದೆ ಎಂದು ಮಗುವಿಗೆ ಅನ್ನಿಸುತ್ತದೆ, ಹೆದರಿಕೆ ಅಲ್ಲೇ ಉಳಿಯುತ್ತದೆ. ಒಂದು ಹೆಜ್ಜೆಯಲ್ಲಿ ಅತ್ತರೆ ಮರುದಿನ ಅದರ ಹಿಂದಿನ ಹೆಜ್ಜೆಗೆ ಹೋಗಬೇಕು. ಈ ವರ್ಷ ಮಹಡಿಯವರೆಗೆ ಮಾತ್ರ ಆಯಿತು ಎಂದರೆ ಅಷ್ಟೇ ಆಗಲಿ. ಸಿಡಿಲು, ಪಟಾಕಿ, ಮಿಕ್ಸಿಯ ಸದ್ದಿಗೂ ಇದೇ ಕ್ರಮ ನಡೆಯುತ್ತದೆ. ಇಂಥ ಮೂರು ನಾಲ್ಕು ವಾರದ ಕೆಲಸವನ್ನು ಏಜೆನ್ಸಿಯ ಆಯಾ ಮಾಡುವುದಿಲ್ಲ, ಡೇ ಕೇರಿನಲ್ಲಿ ಸಮಯವಿಲ್ಲ. ಹೆಚ್ಚು ಕೊಟ್ಟ ದುಡ್ಡು ಇಲ್ಲಿ ವಸೂಲಾಗುತ್ತದೆ.

ಚೀಟಿಯಲ್ಲಿ ಏನಿರಬೇಕು

ದಿನದ ಕೊನೆಗೆ ಸಿಟರ್ ಬರೆದಿಡುವ ಟಿಪ್ಪಣಿ ನೋಡಿದರೆ ಸಾಕು, ಆಕೆ ಏನು ಕಲಿತಿದ್ದಾಳೆ ಎಂದು ತಿಳಿಯುತ್ತದೆ. ‘ಮಗು ತುಂಬಾ ಆಕ್ರಮಣಕಾರಿ, ಗಮನ ಸೆಳೆಯಲು ಹೀಗೆ ಮಾಡುತ್ತಾನೆ’ ಎಂಬ ಚೀಟಿ ರದ್ದಿಗೆ. ‘3.40. ಅಣ್ಣ ಟ್ಯೂಷನ್‌ಗೆ ಹೊರಟ. ತಮ್ಮ ಚಪ್ಪಲಿ ಎಸೆದ. ನಾನು ಕಾರು ಕೊಟ್ಟೆ, ನಿಂತ’ ಎಂಬುದು ಕೆಲಸಕ್ಕೆ ಬರುವ ಚೀಟಿ. ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು, ಈ ಮೂರು ಮಾತ್ರ. ಒಂದು ವಾರದ ಇಂಥ ಚೀಟಿಗಳನ್ನು ಒಟ್ಟಿಗಿಟ್ಟು ನೋಡಿದರೆ ಎಸೆತವೆಲ್ಲ ಅಣ್ಣ ಹೊರಡುವ ಹೊತ್ತಿಗೇ ಎಂದು ಕಾಣುತ್ತದೆ. ಹಾಗಾದರೆ ಅಣ್ಣ ಹೊರಡುವ ಐದು ನಿಮಿಷ ಮೊದಲು ತಮ್ಮನಿಗೊಂದು ಕೆಲಸ ಕೊಟ್ಟರೆ ಆಯಿತು. ಮೇಲಿನ ಚೀಟಿಯಲ್ಲೇ ಒಂದು ತಪ್ಪೂ ಇದೆ. ಎಸೆದ ಕೂಡಲೇ ಕಾರು ಸಿಕ್ಕಿತು, ಅಂದರೆ ಎಸೆತಕ್ಕೆ ಬಹುಮಾನ. ಬರೆದಿಟ್ಟಿದ್ದರಿಂದ ಅದು ಸಿಕ್ಕಿಬಿತ್ತು.

ಅತಿ ದೊಡ್ಡ ದೋಷ ಹೆಸರಿಡುವುದು. ಎರಡನೇ ವಾರದಲ್ಲೇ ‘ಆಟಿಸಂ ಇರಬಹುದು’, ‘ಎಡಿಎಚ್‌ಡಿ ಲಕ್ಷಣ’ ಎಂದುಬಿಡುವವರಿದ್ದಾರೆ. ರೋಗನಿರ್ಣಯ ಸಿಟರ್‌ನ ಕೆಲಸ ಅಲ್ಲವೇ ಅಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಮಾತ್ರ ಆಕೆಯ ಕೆಲಸ: ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಮೊದಲು ಬರುತ್ತಿದ್ದ ಮಾತು ನಿಂತಿದೆ. ಇಂಥವನ್ನು ಮುಚ್ಚಿಡದೆ ಮನೆಯವರಿಗೆ ಹೇಳಬೇಕು, ಮನೆಯವರು ಮಕ್ಕಳ ವೈದ್ಯರ ಬಳಿ ಹೋಗಬೇಕು, ಕಿವಿಯ ಪರೀಕ್ಷೆಯೂ ಆಗಲಿ. ‘ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅದಕ್ಕೇ ಮಾತು ತಡ’ ಎಂದು ಸುಮ್ಮನಿರುವುದು ಬೇಡ. ಹಲವು ಭಾಷೆ ಕೇಳುವುದರಿಂದ ಮಾತು ಬಾರದ ತೊಂದರೆ ಹುಟ್ಟುವುದಿಲ್ಲ.

ಈಗಾಗಲೇ ಥೆರಪಿಗೆ ಹೋಗುತ್ತಿರುವ ಮಗು ಇದ್ದರೆ ವಿಷಯ ಬೇರೆ. ಥೆರಪಿಸ್ಟ್ ಕೊಟ್ಟ ಮನೆಪಾಠವನ್ನು ಶ್ರದ್ಧೆಯಿಂದ ನಡೆಸಲು ಸೈಕಾಲಜಿ ವಿದ್ಯಾರ್ಥಿನಿಯಂಥವರು ಸಿಗುವುದು ಕಷ್ಟ. ಸ್ನಾನ, ತಿಂಡಿ, ಆಟ, ನಿದ್ದೆ ಎಂದು ನಾಲ್ಕು ಚಿತ್ರ ಅಂಟಿಸಿ ದಿನದ ಕ್ರಮ ತೋರಿಸುವಷ್ಟನ್ನಾದರೂ ಬೇಸರವಿಲ್ಲದೆ ಮಾಡುತ್ತಾರೆ.

ಮಗುವಿನ ಫೋಟೋ, ನಡೆನುಡಿ ಕಾಲೇಜಿನ ಅಸೈನ್‌ಮೆಂಟಿಗೆ ಹೋಗಬಾರದು ಎಂದು ಮೊದಲೇ ಬರೆಸಿಕೊಳ್ಳಿ. ಎರಡು ಲೋಟದಲ್ಲಿ ನೀರು ಸುರಿದು ಯಾವುದರಲ್ಲಿ ಹೆಚ್ಚು ಎಂದು ಕೇಳುವ ಪಿಯಾಜೆಯ ಆಟ ಆಡಿಸಿದರೆ ತಪ್ಪೇನಿಲ್ಲ. ಅದನ್ನು ರೆಕಾರ್ಡ್ ಮಾಡಿ ಹೆಸರು ಹಾಕಿ ಸಲ್ಲಿಸಿದರೆ ತಪ್ಪು.

ಓದಿನಲ್ಲಿ ಬಾರದ್ದು

ಸಿಲೆಬಸ್ಸಿನಲ್ಲಿ ಇಲ್ಲದ ವಿಷಯಗಳಲ್ಲೇ ಹೆಚ್ಚಿನವರು ಎಡವುತ್ತಾರೆ. ಬಂಗುಡೆ, ಬೂತಾಯಿಯ ಮುಳ್ಳು ಬಿಡಿಸಲು ಬಾರದವರ ಕೈಯಲ್ಲಿ ಮೀನು ಊಟ ಮಾಡಿಸಬೇಡಿ. ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ, ಬೇಯಿಸಿದ ಹಲಸಿನ ಬೀಜ, ನೇರಳೆ, ರಾಂಬುಟಾನ್ ಸಣ್ಣ ಮಕ್ಕಳ ಗಂಟಲಿಗೆ ಅಪಾಯ. ದ್ರಾಕ್ಷಿಯನ್ನು ಉದ್ದುದ್ದ ಸೀಳಿ ಕೊಡಬೇಕು, ಕಡಲೆಯನ್ನು ಪುಡಿ ಮಾಡಿ. ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದಿದ್ದರೆ ವರ್ಷದೊಳಗಿನ ಕೂಸಿಗೆ ತಲೆ ತಗ್ಗಿಸಿ ಬೆನ್ನಿಗೆ ಐದು ಪೆಟ್ಟು, ಮಗುಚಿ ಎದೆಗೆ ಐದು ಒತ್ತು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು, ಹೊಟ್ಟೆಯ ಮೇಲ್ಭಾಗಕ್ಕೆ ಐದು. ಬಾಯಲ್ಲಿ ಹೇಳಿದರೆ ಸಾಲದು, ಬೊಂಬೆಯ ಮೇಲೆ ಮಾಡಿ ತೋರಿಸಲಿ. 108ಕ್ಕೆ ಫೋನ್ ಮಾಡುವಾಗ ಹೇಳಲು ಮನೆಯ ವಿಳಾಸ, ಹತ್ತಿರದ ಗುರುತು ಫ್ರಿಜ್ ಮೇಲೆ ಅಂಟಿಸಿಡಿ.

ಬಚ್ಚಲಿನಲ್ಲಿ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು, ಕೊನೆಗೆ ಮೊಣಕೈ ಅದ್ದಿ ನೋಡುವುದು. ತುಂಬಿದ ಬಕೆಟ್ ಬಿಟ್ಟು ಈಚೆ ಬರಬಾರದು. ಸಣ್ಣ ಮಗು ಮುಳುಗಲು ಒಂದು ಗೇಣು ನೀರೂ ಬೇಡ. ಹಿತ್ತಲಿನಲ್ಲಿ ಬಾವಿ ಇದ್ದರೆ ಕಬ್ಬಿಣದ ಬಲೆ, ಅದಕ್ಕೆ ಬೀಗ. ಜ್ವರದ ಔಷಧಿಯನ್ನು ‘ಒಂದು ಚಮಚ ಕೊಡು’ ಎಂದು ಹೇಳಿ ಹೋಗುವುದು ಮನೆಯವರ ತಪ್ಪು. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ, 250 ಮಿಲಿಗ್ರಾಂ ಎಂದು ಬೇರೆ ಬೇರೆ ಬರುತ್ತದೆ, ಅದೇ ಚಮಚ, ಎರಡು ಪಟ್ಟು ಔಷಧಿ. ವೈದ್ಯರು ಹೇಳಿದ ಎಂಎಲ್ ಬಾಟಲಿಯ ಮೇಲೆಯೇ ಬರೆದು, ಜೊತೆಗೆ ಸಿರಿಂಜ್ ಇಡಿ.

ಭಾಷೆಯನ್ನು ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕು. ಮಣಿಪಾಲದಲ್ಲಿ ಓದುವವರಲ್ಲಿ ಹೊರರಾಜ್ಯದವರು ಹೆಚ್ಚು. ನಿದ್ದೆಯಿಂದ ಬೆಚ್ಚಿ ಎದ್ದ ತುಳು ಮನೆಯ ಮಗುವಿಗೆ ‘ಅಮ್ಮ ಬರ್ಪೆರ್’ ಎನ್ನುವವರು ಬೇಕು. ಆ ಗಳಿಗೆಯಲ್ಲಿ ಇಂಗ್ಲಿಷಿನ ಎಷ್ಟು ಒಳ್ಳೆಯ ಸಮಾಧಾನವೂ ಕೆಲಸಕ್ಕೆ ಬಾರದು. ಬ್ಯಾರಿ, ಕೊಂಕಣಿ ಮನೆಗಳಿಗೂ ಇದೇ. ಬಾರದವರಾದರೆ ಹಸಿವು, ನೀರು, ನೋವು, ಉಚ್ಚೆ, ಅಮ್ಮ, ಹೆದರಿಕೆಗೆ ಆ ಮನೆಯ ಮಾತುಗಳನ್ನು ಮೊದಲ ದಿನವೇ ಬರೆದುಕೊಳ್ಳಲಿ.

ಕೆಲಸಕ್ಕೆ ತೆಗೆದುಕೊಳ್ಳುವಾಗ

ಮಾರ್ಕ್ಸ್ ಕಾರ್ಡ್ ನೋಡುವುದಕ್ಕಿಂತ ಒಂದು ಸನ್ನಿವೇಶ ಕೊಡಿ: ಎರಡೂವರೆ ವರ್ಷದವಳು ಆಟಿಕೆಗಾಗಿ ತಮ್ಮನನ್ನು ಕಚ್ಚಿದಳು, ಮೊದಲ ಒಂದು ನಿಮಿಷ ಏನು ಮಾಡುತ್ತೀ? ಕಚ್ಚಿಸಿಕೊಂಡವನನ್ನು ಮೊದಲು ನೋಡಿ, ಸೋಪು ನೀರಿನಲ್ಲಿ ತೊಳೆದು, ಕಚ್ಚಿದವಳಿಗೆ ‘ಕಚ್ಚಬಾರದು, ನೋವಾಗುತ್ತದೆ’ ಎಂದಷ್ಟೇ ಹೇಳುತ್ತೇನೆ ಎಂದವರನ್ನು ಇಟ್ಟುಕೊಳ್ಳಿ. ಸಹೋದರ ಮತ್ಸರದ ವ್ಯಾಖ್ಯಾನದಿಂದ ಶುರು ಮಾಡಿದವರಿಗೆ ಚಹಾ ಕೊಟ್ಟು ಕಳಿಸಿ.

ಗುರುತಿನ ಚೀಟಿಯ ಪ್ರತಿ, ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ಫೋನಿನ ಮಾತು, ಸೇವಾ ಸಿಂಧು ಮೂಲಕ ಪೊಲೀಸ್ ವೆರಿಫಿಕೇಶನ್, ಇವು ಪದವಿ ಇದ್ದವರಿಗೂ ಬೇಕು. ಮನೆಯಲ್ಲಿ ಕ್ಯಾಮೆರಾ ಇದ್ದರೆ ಹೇಳಿಬಿಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ವರದಿ ಮಾಡಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಸಿಟರ್‌ಗೂ ಅದು ಅನ್ವಯ, ಅಪರಾಧಿ ಮನೆಯವರೇ ಆದರೂ. ಮಕ್ಕಳ ಸಹಾಯವಾಣಿಯ 1098 ನಂಬರು ಆಕೆಗೆ ಬಾಯಿಪಾಠ ಬರುತ್ತದೆಯೇ ನೋಡಿ.

ಪರೀಕ್ಷೆಯ ತಿಂಗಳು ಈ ಸೇವೆಯ ದೊಡ್ಡ ಅನನುಕೂಲ. ಸೆಮಿಸ್ಟರ್ ಕೊನೆಗೆ, ಇಂಟರ್ನ್‌ಶಿಪ್ಪಿಗೆ, ರಜೆಗೆ ಎಂದು ವಿದ್ಯಾರ್ಥಿಗಳು ಒಮ್ಮೆಲೇ ಕಾಣೆಯಾಗುತ್ತಾರೆ. ಆಗ ಗೆಳತಿಯನ್ನು ಕಳಿಸುತ್ತೇನೆ ಎಂದರೆ ಒಪ್ಪಬೇಡಿ. ಎರಡು ವರ್ಷದ ಮಗುವಿಗೆ ತಿಂಗಳಿಗೊಂದು ಮುಖ ಬದಲಾದರೆ ಮೇಲೆ ಹೇಳಿದ ಪರಿಚಯದ ವಾರ ಪ್ರತಿ ಸಲ ಹೊಸದಾಗಿ ಆಗಬೇಕು. ಶುರುವಿನಲ್ಲೇ ಪರೀಕ್ಷೆಯ ದಿನಾಂಕ ತೆಗೆದುಕೊಂಡು, ಬದಲಿಗೆ ಬರುವವರನ್ನು ಮೊದಲೇ ಗುರುತು ಮಾಡಿಸಿಟ್ಟುಕೊಳ್ಳಿ. ಕೋರ್ಸ್ ಮುಗಿದು ಹೋಗುವಾಗ ಮಗುವಿಗೆ ಹೇಳಿಯೇ ಹೋಗಲಿ, ಕೊನೆಯ ದಿನ ಯಾವುದೆಂದು ಒಂದು ವಾರ ಮೊದಲೇ ಕ್ಯಾಲೆಂಡರಿನಲ್ಲಿ ತೋರಿಸಿ.

ದುಡ್ಡಿನ ಮಾತು ಗಂಟೆ ಲೆಕ್ಕದಲ್ಲೇ ಇರಲಿ, ದಿನಕ್ಕೆ ಕನಿಷ್ಠ ಎಷ್ಟು ಗಂಟೆ ಎಂಬುದೂ ಬರಹದಲ್ಲಿರಲಿ. ಬಟ್ಟೆ ಒಗೆಯುವುದು, ಮನೆಯವರ ಪಾತ್ರೆ ತೊಳೆಯುವುದು ಇದರಲ್ಲಿ ಸೇರುವುದಿಲ್ಲ. ಮಗುವಿನ ಬಟ್ಟಲು, ಆಟಿಕೆ ಸೇರುತ್ತದೆ. ಮದುವೆ ರಿಸೆಪ್ಷನ್ ಎಂದು ತಡವಾಗುವ ದಿನ ಆಕೆ ವಾಪಸು ಹೋಗುವುದು ಹೇಗೆ ಎಂದು ನೀವೇ ಯೋಚಿಸಬೇಕು. ಸಿಟಿ ಬಸ್ಸು ಆ ಹೊತ್ತಿಗೆ ನಿಂತಿರುತ್ತದೆ, ರಾತ್ರಿ ಹತ್ತರ ನಂತರ ಆಟೋಗೆ ಒಂದೂವರೆ ಪಟ್ಟು. ಅದನ್ನು ಕೊಡಬೇಕಾದವರು ಕರೆಸಿದವರು, ಮತ್ತು ಹಾಸ್ಟೆಲಿನ ಗೇಟ್ ಮುಚ್ಚುವ ಹೊತ್ತನ್ನು ಕೇಳಿಕೊಂಡೇ ರಿಸೆಪ್ಷನ್‌ಗೆ ಹೊರಡಬೇಕು.